ಟೈರಿನ ಪಕ್ಕೆಯಲ್ಲಿ ಬರೆದಿರುವುದು

ಚಿಕ್ಕಮಗಳೂರು
2025 ನವೆಂಬರ್ 17, ಸೋಮವಾರ

ನಿನ್ನೆ ಮಧ್ಯಾಹ್ನ ಎರಡರ ಸುಮಾರಿಗೆ ಊಟಕ್ಕೆ ಹೊರಡಲೆಂದು ನನ್ನ ಟೈರು ಅಂಗಡಿಯ ಶಟರ್ ಅರ್ಧ ಎಳೆದಿದ್ದೆ. ಅಷ್ಟರಲ್ಲಿ ಲಾರಿಯ ಬೆನ್ನೇರಿ ಒಂದು ಎಸ್‌ಯುವಿ ಬಂದು ನಿಂತಿತು. ಬೆಂಗಳೂರಿನ ನೋಂದಣಿ, ವಿದೇಶಿ ಕಂಪನಿ, ಬೆಲೆ ಕೋಟಿಯ ಲೆಕ್ಕದ್ದು. ಮೈಮೇಲೆ ಒಂದು ಗೀರೂ ಇರಲಿಲ್ಲ. ಎಡಬದಿಯ ಹಿಂದಿನ ಟೈರು ಮಾತ್ರ ಪಕ್ಕೆಯಲ್ಲಿ ಬೆರಳುದ್ದ ಸೀಳಿ, ರಿಮ್ಮಿನ ಕೆಳಗೆ ಒದ್ದೆ ಬಟ್ಟೆಯಂತೆ ಮುದುಡಿಕೊಂಡಿತ್ತು.

ಹಿಂದೆಯೇ ಬಾಡಿಗೆ ಜೀಪಿನಲ್ಲಿ ಮನೆಯವರು ಬಂದರು. ಗಂಡ, ಹೆಂಡತಿ, ಗಂಡನ ವಯಸ್ಸಾದ ತಾಯಿ. ಬೆಟ್ಟದ ಮೇಲಿನ ಅತ್ತಿಗುಂಡಿ ಕಡೆಯಿಂದ ಇಳಿಯುವಾಗ ಎದುರಿಗೆ ಬಸ್ಸು ಬಂದಿದೆ. ದಾರಿ ಬಿಡಲು ಎಡಕ್ಕೆ ಸರಿದಿದ್ದಾರೆ. ಅಲ್ಲಿ ಟಾರಿನ ಅಂಚು ಮಳೆಗಾಲದಲ್ಲಿ ಕೊಚ್ಚಿಹೋಗಿ ಗೇಣುದ್ದ ಕೆಳಗಿಳಿದಿದೆ. ಚಕ್ರ ಜಾರಿ, ಅಂಚಿನ ಚೂಪುಗಲ್ಲಿಗೆ ಪಕ್ಕೆ ಉಜ್ಜಿದೆ. ನಿಧಾನವಾಗಿಯೇ ಬರುತ್ತಿದ್ದೆವು ಎಂದರು. ನಾನು ನಂಬುತ್ತೇನೆ. ಇಂಥ ಸೀಳು ವೇಗದಿಂದ ಆಗುವುದಲ್ಲ, ಜಾಗ ಸಾಲದೆ ಆಗುವುದು.

"ಸ್ಟೆಪ್ನಿ ಹಾಕಿಕೊಂಡು ಬರಬಹುದಿತ್ತಲ್ಲ ಸರ್?" ಎಂದು ಕೇಳಿದೆ. ಅವರು ಡಿಕ್ಕಿಯ ತಳದ ಹಲಗೆಯನ್ನು ಎತ್ತಿ ತೋರಿಸಿದರು. ಅಲ್ಲಿ ಸ್ಟೆಪ್ನಿ ಇರಲಿಲ್ಲ. ಒಂದು ಪುಟ್ಟ ಕಂಪ್ರೆಸರ್, ಒಂದು ಅಂಟುದ್ರವದ ಬಾಟಲಿ ಇದ್ದವು. ಮೊಳೆ ಚುಚ್ಚಿದ ತೂತಿಗೆ ಆ ದ್ರವ ಸಾಕಾಗುತ್ತದೆ. ಪಕ್ಕೆಯ ಸೀಳಿಗೆ ಅದೂ ಆಗುವುದಿಲ್ಲ, ನನ್ನ ಪ್ಯಾಚೂ ಆಗುವುದಿಲ್ಲ. ಚಕ್ರ ಒಂದು ಸುತ್ತು ಹಾಕಿದಾಗಲೆಲ್ಲ ಟೈರಿನ ಪಕ್ಕೆ ಒಮ್ಮೆ ಬಾಗಿ ನೆಟ್ಟಗಾಗುತ್ತದೆ. ರಬ್ಬರಿನ ಒಳಗಿರುವ ದಾರಗಳೇ ಅಲ್ಲಿ ಭಾರ ಹೊರುವುದು. ದಾರ ಕಡಿದ ಮೇಲೆ ಹೊರಗಿನಿಂದ ಏನು ಅಂಟಿಸಿದರೂ ಅದು ಬಲವಲ್ಲ. ಹಣ ಉಳಿಸುತ್ತೇನೆ ಎಂದು ಇಂಥ ಟೈರಿಗೆ ಪ್ಯಾಚು ಹಾಕಿಸಿಕೊಂಡು ಘಾಟಿ ಇಳಿಯುವವರನ್ನು ಕಂಡರೆ ನನ್ನ ಎದೆ ನಡುಗುತ್ತದೆ. ನಿನ್ನೆಯೂ ಅದನ್ನೇ ಹೇಳಿದೆ. ಅವರು ಮರುಮಾತಾಡದೆ ಒಪ್ಪಿಕೊಂಡರು.

ಆಮೇಲೆ ಸೀಳಿದ ಟೈರಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಒಂದು ಮಾತು ಕೇಳಿದರು. "ಬೆಟ್ಟಗುಡ್ಡ ಸುತ್ತಬೇಕೆಂದೇ ಇಷ್ಟು ದೊಡ್ಡ ಗಾಡಿ ತೆಗೆದುಕೊಂಡದ್ದು. ಒಂದು ಕಲ್ಲಿಗೇ ಹೀಗಾಗುತ್ತದೆಯೇ?"

ನಿಂತ ನಿಲುವಿನಲ್ಲಿ ನಾನು ಕೊಟ್ಟ ಉತ್ತರ ನನಗೇ ಸಾಲದೆನಿಸಿತು. ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತಿತು. ಅದಕ್ಕೇ ಇಂದು ಬರೆಯುತ್ತಿದ್ದೇನೆ.

ಆ ಟೈರಿನ ಪಕ್ಕೆಯಲ್ಲಿ 285/40 ಆರ್ 22 ಎಂದು ಬರೆದಿದೆ. ಟೈರಿನ ಅಗಲ 285 ಮಿ.ಮೀ. ಪಕ್ಕೆಯ ಎತ್ತರ ಆ ಅಗಲದ ಶೇ 40, ಅಂದರೆ 114 ಮಿ.ಮೀ. ಒಳಗಿನ ರಿಮ್ಮು 22 ಇಂಚು. ನೆಲಕ್ಕೂ ಲೋಹಕ್ಕೂ ನಡುವೆ ಇರುವುದು ನಾಲ್ಕೂವರೆ ಇಂಚು ಗಾಳಿ ಮತ್ತು ರಬ್ಬರು, ಅಷ್ಟೇ. ನನ್ನ ಅಪ್ಪ ಎಸ್ಟೇಟಿನಲ್ಲಿ ಓಡಿಸುತ್ತಿದ್ದ ಮಹೀಂದ್ರ ಜೀಪಿನ ಟೈರು 6.00-16. ಅಗಲ ಆರು ಇಂಚು, ಪಕ್ಕೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರ. ಆ ಪಕ್ಕೆ ಕಲ್ಲನ್ನು ತಬ್ಬಿಕೊಂಡು ಹತ್ತುತ್ತಿತ್ತು. ಕಾಫಿ ಮೂಟೆ ಹೇರಿಕೊಂಡು ಕೆಸರಿನಲ್ಲಿ ಹತ್ತಬೇಕಾದಾಗ ಅಪ್ಪ ಚೂರು ಗಾಳಿ ಬಿಟ್ಟು ಟೈರನ್ನು ಇನ್ನಷ್ಟು ಮೆತ್ತಗೆ ಮಾಡುತ್ತಿದ್ದರು. ಇಪ್ಪತ್ತೆರಡು ಇಂಚಿನ ರಿಮ್ಮಿಗೆ ಹಾಗೆ ಮಾಡಿದರೆ ಮೊದಲ ಗುಂಡಿಗೇ ರಿಮ್ಮು ಸೊಟ್ಟಗಾಗುತ್ತದೆ.

ಐಷಾರಾಮಿ ಮತ್ತು ಬೆಟ್ಟ ಎರಡನ್ನೂ ಒಂದೇ ಗಾಡಿಯಲ್ಲಿ ಕೂಡಿಸುವ ಕೆಲಸವನ್ನು ಬಹಳ ಹಿಂದೆಯೇ ಚೆನ್ನಾಗಿ ಮಾಡಿದ್ದಾರೆ. 1970ರ ಮೊದಲ ರೇಂಜ್ ರೋವರ್ ಅನ್ನು ನೋಡಿ. ಹಗುರವಾದ ಅಲ್ಯೂಮಿನಿಯಂ ವಿ8 ಎಂಜಿನ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ಪಟ್ಟೆ ಸ್ಪ್ರಿಂಗಿನ ಬದಲು ಉದ್ದಕ್ಕೆ ಆಡುವ ಕಾಯಿಲ್ ಸ್ಪ್ರಿಂಗು, ಸದಾ ನಾಲ್ಕು ಚಕ್ರಗಳಿಗೂ ಶಕ್ತಿ. ಒಳಗೆ ನೀರು ಹಾಕಿ ತೊಳೆಯಬಹುದಾದ ಸೀಟು ಮತ್ತು ನೆಲ. ಟೈರು 205 ಆರ್ 16, ಪಕ್ಕೆಯ ಎತ್ತರ ಸುಮಾರು 165 ಮಿ.ಮೀ. ಅಗಲ 1.78 ಮೀಟರು. ಹೊಲದಲ್ಲೂ ಓಡಿಸಬಹುದು, ಮದುವೆಗೂ ಹೋಗಬಹುದು. ಐವತ್ತೈದು ವರ್ಷಗಳ ನಂತರವೂ ಆ ಅಳತೆಗಳನ್ನು ಓದುವಾಗ ನನಗೆ ಸಂತೋಷವಾಗುತ್ತದೆ. ಕಾಗದದ ಮುಂದೆ ಕೂರುವ ಮೊದಲು ಅವರು ನೆಲವನ್ನು ನೋಡಿದ್ದರು.

ಇಟಲಿಯ ಲ್ಯಾಂಬೋರ್ಗಿನಿಯ ಕಥೆ ನಮ್ಮ ತೋಟದವರಿಗೆ ಇನ್ನೂ ಹತ್ತಿರದ್ದು. ಫೆರುಚಿಯೊ ಲ್ಯಾಂಬೋರ್ಗಿನಿ ಮೊದಲು ಮಾಡಿದ್ದು ಟ್ರ್ಯಾಕ್ಟರು, 1948ರಲ್ಲಿ. ಕಾರಿನ ಕಂಪನಿ ಶುರುವಾದದ್ದು 1963ರಲ್ಲಿ. 1986ರಲ್ಲಿ ಆ ಕಂಪನಿ ಎಲ್‌ಎಂ002 ಎಂಬ ದೈತ್ಯ ಗಾಡಿಯನ್ನು ತಂದಿತು. ಒಳಗಿದ್ದದ್ದು ಕೌಂಟಾಶ್ ಸ್ಪೋರ್ಟ್ಸ್ ಕಾರಿನ ವಿ12 ಎಂಜಿನ್. ಅಷ್ಟು ಭಾರ, ಅಷ್ಟು ವೇಗ, ಜೊತೆಗೆ ಮರಳುಗಾಡು. ಮೂರನ್ನೂ ತಾಳುವ ಟೈರು ಪೇಟೆಯಲ್ಲಿ ಸಿಗುವಂತಿರಲಿಲ್ಲ. ಹಾಗಾಗಿ ಪಿರೆಲ್ಲಿ ಕಂಪನಿ ಆ ಗಾಡಿಗೆಂದೇ ಒಂದು ಟೈರನ್ನು ಮಾಡಿಕೊಟ್ಟಿತು. ಅದರ ಹೆಸರು ಸ್ಕಾರ್ಪಿಯನ್, ಅಳತೆ 345/60, ರಿಮ್ಮು 17 ಇಂಚು. ಲೆಕ್ಕ ಹಾಕಿದರೆ ಪಕ್ಕೆ 207 ಮಿ.ಮೀ. ಎಂಟು ಇಂಚಿಗೂ ಹೆಚ್ಚು! ಗಾಡಿ ಮಾರಾಟವಾದದ್ದು ಸುಮಾರು 300 ಮಾತ್ರ. ಟೈರಿನ ಹೆಸರು ಉಳಿಯಿತು. ಇಂದಿಗೂ ಪಿರೆಲ್ಲಿಯ ಎಸ್‌ಯುವಿ ಟೈರುಗಳು ಸ್ಕಾರ್ಪಿಯನ್ ಹೆಸರಿನಲ್ಲೇ ಬರುತ್ತವೆ.

ಅದೇ ಲ್ಯಾಂಬೋರ್ಗಿನಿ 2017ರ ಡಿಸೆಂಬರಿನಲ್ಲಿ ಉರುಸ್ ಎಂಬ ಎಸ್‌ಯುವಿ ತಂದಿತು. ಅದಕ್ಕೆ 23 ಇಂಚಿನ ಚಕ್ರ ಹಾಕಿಸಿಕೊಂಡರೆ ಹಿಂದಿನ ಟೈರು 325/30. ಪಕ್ಕೆ 97 ಮಿ.ಮೀ. ಚಿಲ್ಲರೆ. ಮೂವತ್ತು ವರ್ಷಗಳಲ್ಲಿ ಒಂದೇ ಕಂಪನಿಯ ಬೆಟ್ಟದ ಗಾಡಿಯ ಪಕ್ಕೆ ಅರ್ಧಕ್ಕಿಂತ ಕಡಿಮೆಯಾಯಿತು.

ಇದು ಬರಿಯ ಅಂದಕ್ಕಾಗಿ ಆದದ್ದು ಎಂದು ಮೊದಲು ನಾನೂ ತಿಳಿದಿದ್ದೆ. ಅಂದದ ಪಾಲೂ ಇದೆ. ಮೈ ದೊಡ್ಡದಾದಂತೆ ಚಕ್ರ ಸಣ್ಣದಿದ್ದರೆ ಗಾಡಿ ಬೊಜ್ಜು ಬಂದಂತೆ ಕಾಣುತ್ತದೆ. ಆದರೆ ದೊಡ್ಡ ಕಾರಣ ಬ್ರೇಕು. ಉರುಸ್ ತೂಕ ಸುಮಾರು 2,200 ಕಿಲೋ, ಗರಿಷ್ಠ ವೇಗ ಗಂಟೆಗೆ 305 ಕಿ.ಮೀ. ಅಷ್ಟು ಭಾರವನ್ನು ಅಷ್ಟು ವೇಗದಿಂದ ನಿಲ್ಲಿಸಬೇಕಾದರೆ ಹುಟ್ಟುವ ಬಿಸಿಯನ್ನು ಎಲ್ಲಾದರೂ ಇಳಿಸಬೇಕಲ್ಲ. ಅದಕ್ಕೆಂದೇ ಮುಂದಿನ ಡಿಸ್ಕು 440 ಮಿ.ಮೀ., ಅಂದರೆ ಹದಿನೇಳು ಇಂಚಿನ ಮೇಲೆ. ಅಪ್ಪನ ಜೀಪಿನ ಇಡೀ ರಿಮ್ಮಿಗಿಂತ ಈ ಗಾಡಿಯ ಬ್ರೇಕಿನ ತಟ್ಟೆಯೇ ದೊಡ್ಡದು. ಆ ತಟ್ಟೆಯನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಅದರ ಅಂಚಿನಲ್ಲಿ ಕೂರಬೇಕು, ಅದರ ಹೊರಗೆ ರಿಮ್ಮು ತಿರುಗಬೇಕು. ಹದಿನಾರು ಇಂಚಿನ ದಪ್ಪ ಟೈರನ್ನು ತಂದು ಇದಕ್ಕೆ ಹಾಕು ಎಂದರೆ ಹಾಕುವುದಾದರೂ ಎಲ್ಲಿಗೆ? ವೇಗ ಬೇಕೆಂದವರು ದೊಡ್ಡ ಬ್ರೇಕು ಹಾಕಿದರು. ದೊಡ್ಡ ಬ್ರೇಕಿಗೆ ದೊಡ್ಡ ರಿಮ್ಮು ಬೇಕಾಯಿತು. ಉಳಿದ ಜಾಗದಲ್ಲಿ ರಬ್ಬರು ತೆಳ್ಳಗಾಯಿತು. ಆ ಯಜಮಾನರ ಪ್ರಶ್ನೆಗೆ ಇದೇ ಉತ್ತರ. ಅವರು ಕೊಂಡದ್ದು ಎತ್ತರದ ಸ್ಪೋರ್ಟ್ಸ್ ಕಾರನ್ನು, ಬೆಟ್ಟದ ಜೀಪನ್ನಲ್ಲ.

ಈ ಹಾದಿಗೆ ಕಂಪನಿಗಳು ಬಂದದ್ದು ಹೇಗೆ ಎಂಬುದನ್ನು ಪೋರ್ಷೆ ಒಂದನ್ನು ನೋಡಿದರೇ ತಿಳಿಯಬಹುದು. 1990ರ ದಶಕದ ಆರಂಭದಲ್ಲಿ ಅದು ಮುಳುಗುವ ಸ್ಥಿತಿಯಲ್ಲಿತ್ತು. ಫೋಕ್ಸ್‌ವ್ಯಾಗನ್ ಜೊತೆ ಸೇರಿ 2002ರಲ್ಲಿ ಕಯೆನ್ ಎಂಬ ಎಸ್‌ಯುವಿ ತಂದಾಗ ಸ್ಪೋರ್ಟ್ಸ್ ಕಾರಿನ ಅಭಿಮಾನಿಗಳು ಬಹಳ ನೊಂದುಕೊಂಡರು. ಆದರೆ ಗಾಡಿ ಎಷ್ಟು ಓಡಿತೆಂದರೆ 2020ರ ಕೊನೆಗೆ ಹತ್ತು ಲಕ್ಷದ ಕಯೆನ್ ಹೊರಬಂದಿತು. ಪೋರ್ಷೆಯ ಸ್ಪೋರ್ಟ್ಸ್ ಕಾರು 911 ಇಂದಿಗೂ ಬದುಕಿದೆ, ಅದರ ಅನ್ನದಲ್ಲಿ ಕಯೆನ್ ದುಡಿಮೆಯ ದೊಡ್ಡ ಪಾಲಿದೆ. ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ನನ್ನ ಅಂಗಡಿಯನ್ನೂ ನಡೆಸುವುದು ಪಂಕ್ಚರ್ ಅಲ್ಲ, ವೀಲ್ ಅಲೈನ್‌ಮೆಂಟ್.

ಮೊದಲ ಕಯೆನ್‌ನಲ್ಲಿ ಜೀಪಿನಂತೆ, ಕಡಿದಾದ ಏರಿನಲ್ಲಿ ನಿಧಾನವಾಗಿ ಹೆಚ್ಚು ಬಲ ಕೊಡುವ ಲೋ ಗೇರ್ ಇತ್ತು, ಹದಿನೆಂಟು ಇಂಚಿನ ದಪ್ಪ ಟೈರೂ ಸಿಗುತ್ತಿತ್ತು. 2010ರ ಎರಡನೇ ತಲೆಮಾರಿನಲ್ಲಿ ತೂಕ ಇಳಿಸಲೆಂದು ಲೋ ಗೇರ್ ತೆಗೆದರು. ಈ ಮಾತನ್ನು ಬರೆಯುವಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಮುಂದೆ ಬೆಂಟ್ಲಿ 2015ರಲ್ಲಿ, ರೋಲ್ಸ್ ರಾಯ್ಸ್ 2018ರಲ್ಲಿ, ಆಸ್ಟನ್ ಮಾರ್ಟಿನ್ 2019ರಲ್ಲಿ ತಮ್ಮ ಎತ್ತರದ ಗಾಡಿಗಳನ್ನು ತೋರಿಸಿದವು. ಔಡಿ ಕ್ಯೂ7, ಕಯೆನ್, ಬೆಂಟ್ಲಿಯ ಬೆಂಟೈಗಾ, ಉರುಸ್ ಈ ನಾಲ್ಕಕ್ಕೂ ಅಡಿಪಾಯ ಒಂದೇ. ಒಂದೇ ಅಕ್ಕಿಯಲ್ಲಿ ರೊಟ್ಟಿ, ಕಡುಬು, ನೀರುದೋಸೆ ಎಲ್ಲವನ್ನೂ ಮಾಡುವ ಹಾಗೆ. ಖರ್ಚು ಹಂಚಿಹೋಗುತ್ತದೆ, ಲಾಭ ಉಳಿಯುತ್ತದೆ. ಲ್ಯಾಂಬೋರ್ಗಿನಿ 2017ರಲ್ಲಿ ಮಾರಿದ್ದು 3,815 ಕಾರು. ಉರುಸ್ ಬಂದ ಮೇಲೆ 2019ರಲ್ಲಿ 8,205. ಇಂಥ ಲೆಕ್ಕ ಕಣ್ಣೆದುರು ಇರುವಾಗ ಯಾವ ಕಂಪನಿ ತಾನೇ ಸುಮ್ಮನಿದ್ದೀತು? ಫೆರಾರಿ ಕೂಡ 2022ರಲ್ಲಿ ಪುರೋಸಾಂಗ್ವೆ ತಂದಿತು. ಅದನ್ನು ಎಸ್‌ಯುವಿ ಎಂದು ಕರೆಯಲು ಅವರು ಒಪ್ಪಲಿಲ್ಲ. ಒಟ್ಟು ತಯಾರಿಕೆಯಲ್ಲಿ ಅದರ ಪಾಲು ಶೇ 20 ಮೀರಲು ಬಿಡುವುದಿಲ್ಲ ಎಂದೂ ಹೇಳಿದರು. ಹಿಂದಿನ ಟೈರು 315/30, ರಿಮ್ಮು 23 ಇಂಚು. ಅಳತೆಯನ್ನು ಮುಚ್ಚಿಡದೆ, ಬೆಟ್ಟದ ಗಾಡಿ ಎಂಬ ಹೆಸರನ್ನೂ ಹಚ್ಚದೆ ನಡೆದುಕೊಂಡದ್ದು ನನಗೆ ಮೆಚ್ಚುಗೆಯಾಯಿತು.

ಇಷ್ಟೆಲ್ಲ ಯೋಚಿಸುವಾಗಲೂ ಆ ತಾಯಿಯ ಮುಖ ಮರೆಯಾಗಲಿಲ್ಲ. ಅಂಗಡಿಯಲ್ಲಿ ಕುರ್ಚಿ ಹಾಕಿಕೊಟ್ಟು, ಹೋಟೆಲಿನಿಂದ ಕಾಫಿ ತರಿಸಿದೆ. "ಎರಡು ಮಂಡಿಯೂ ಸವೆದಿವೆಯಪ್ಪ. ಮಗನ ಹಳೆಯ ಕಾರಿನಲ್ಲಿ ಬಾವಿಗೆ ಇಳಿದ ಹಾಗೆ ಇಳಿಯಬೇಕಿತ್ತು. ಇದರಲ್ಲಿ ಹಾಗೇ ಕುಳಿತುಕೊಳ್ಳಬಹುದು. ಅದಕ್ಕೇ ಈ ವರ್ಷ ಗಿರಿ ನೋಡಿದೆ" ಎಂದರು. ಮುಳ್ಳಯ್ಯನಗಿರಿಯ ಮೆಟ್ಟಿಲು ಹತ್ತಲು ಆಗಲಿಲ್ಲವಂತೆ. ಸೀತಾಳಯ್ಯನಗಿರಿಯ ಬಳಿ ಗಾಡಿಯಲ್ಲೇ ಕುಳಿತು ಮಂಜು ಸರಿಯುವುದನ್ನು ನೋಡಿದರಂತೆ. ಎತ್ತರದ ಸೀಟಿನ ಬಗ್ಗೆ ನಾನು ಇನ್ನು ಮುಂದೆ ಹಗುರವಾಗಿ ಮಾತನಾಡಲಾರೆ. ಎತ್ತರಕ್ಕೆ ನನ್ನ ತಕರಾರಿಲ್ಲ.

ನನ್ನ ತಕರಾರು ಅಗಲಕ್ಕೆ. ಉರುಸ್ ಅಗಲ 2,016 ಮಿ.ಮೀ., ಕನ್ನಡಿ ಬಿಟ್ಟು. ಬಸ್ಸಿನ ಅಗಲ ಎಂಟು ಅಡಿಗೂ ಹೆಚ್ಚು. ನಮ್ಮ ಬೆಟ್ಟದ ಒಂಟಿ ರಸ್ತೆಗಳಲ್ಲಿ ಟಾರು ಹನ್ನೆರಡು ಅಡಿ ಇದ್ದರೆ ಅದೇ ಹೆಚ್ಚು. ಎರಡೂ ಎದುರಾದರೆ ಒಂದು ಮಣ್ಣಿಗೆ ಇಳಿಯಲೇಬೇಕು. ಇಳಿಯುವಾಗ ಕಲ್ಲಿಗೆ ತಾಗುವುದು ಟೈರಿನ ಅತ್ಯಂತ ದುರ್ಬಲವಾದ ಜಾಗ, ಆ ತೆಳ್ಳನೆಯ ಪಕ್ಕೆ. ಜಿಎಸ್‌ಟಿ ಮಂಡಳಿ 2023ರ ಜುಲೈನಲ್ಲಿ ಇಂಥ ಗಾಡಿಗಳ ಸೆಸ್ಸಿಗೆ, ಅಂದರೆ ಹೆಚ್ಚುವರಿ ತೆರಿಗೆಗೆ, ಮೂರು ಅಳತೆಗಳನ್ನು ನಿಗದಿ ಮಾಡಿತು. ಉದ್ದ 4,000 ಮಿ.ಮೀ. ಮೀರಿರಬೇಕು, ಎಂಜಿನ್ 1,500 ಸಿ.ಸಿ. ಮೀರಿರಬೇಕು, ಭಾರವಿಲ್ಲದಾಗ ನೆಲದಿಂದ ಎತ್ತರ 170 ಮಿ.ಮೀ. ಅಥವಾ ಹೆಚ್ಚಿರಬೇಕು. 2025ರ ಸೆಪ್ಟೆಂಬರಿನಿಂದ ಸೆಸ್ಸು ಹೋಗಿ ಶೇ 40ರ ಒಂದೇ ದರ ಬಂದಿದೆ. ಅಗಲವನ್ನು ಆಗಲೂ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ. ಗಿರಿಯ ರಸ್ತೆ ಶುರುವಾಗುವ ಕೈಮರದಿಂದ ಮೇಲೆ ಗಾಡಿ ಓಡಿಸುವವರನ್ನು ಕೇಳಿದರೆ ಮೊದಲು ಅದನ್ನೇ ಹೇಳುತ್ತಾರೆ.

ಟೈರಿಗಾಗಿ ಹಾಸನ, ಶಿವಮೊಗ್ಗ, ಮಂಗಳೂರಿಗೆ ಫೋನು ಮಾಡಿದೆ. ಆ ಅಳತೆ ಎಲ್ಲೂ ಇರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ಗೋದಾಮು ತೆಗೆಸಿ, ರಾತ್ರಿ ಬಸ್ಸಿಗೆ ಹಾಕಿಸಿದರು. ಮನೆಯವರು ಊರಿನಲ್ಲೇ ಉಳಿದುಕೊಂಡರು. ಇಂದು ಬೆಳಿಗ್ಗೆ ಆರೂವರೆಗೆ ನಿಲ್ದಾಣದಿಂದ ತಂದು, ರಿಮ್ಮಿಗೆ ಕಚ್ಚಿ ಕೂರುವ ಟೈರಿನ ಒಳಅಂಚಿಗೆ ಪೆಟ್ಟಾಗದಂತೆ ಕೂರಿಸಿ, ಬ್ಯಾಲೆನ್ಸ್ ಮಾಡಿದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಯಲ್ಲಿ ಒಂದು ಟೈರು ಹೊಸದಾಗಿ, ಜೊತೆಯದು ಸವೆದಿದ್ದರೆ ಸುತ್ತಳತೆ ವ್ಯತ್ಯಾಸವಾಗಿ, ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ಬಲಗಡೆಯದರ ಗೀರಿನ ಆಳವನ್ನೂ ಅಳೆದೆ. ಹೆಚ್ಚು ಸವೆದಿರಲಿಲ್ಲ, ಒಂದೇ ಸಾಕಾಯಿತು. ಹೊರಡುವಾಗ ಆ ತಾಯಿ ನನ್ನ ಕೈ ಹಿಡಿದುಕೊಂಡು, "ಬರುವ ವರ್ಷವೂ ಬರುತ್ತೇನೆ" ಎಂದರು. ಮಗನಿಗೆ ನಾನು ಹೇಳಿದೆ: "ಈ ಗಾಡಿಗೆ ಕಂಪನಿ ಒಪ್ಪುವ ಅತಿ ಚಿಕ್ಕ ರಿಮ್ಮು ಯಾವುದು ಎಂದು ಕೇಳಿ ಸರ್. ಬೆಟ್ಟಕ್ಕೆ ಬರುವುದಾದರೆ ಅದನ್ನು ಹಾಕಿಸಿಕೊಂಡು ಬನ್ನಿ." ಅವರು ಮೊಬೈಲಿನಲ್ಲಿ ಬರೆದುಕೊಂಡರು.

ಸಂಜೆ ಆಲ್ದೂರಿನ ಕಡೆಯ ಸಾಹುಕಾರರೊಬ್ಬರು ಫೋನು ಮಾಡಿದ್ದರು. ಕಾಫಿಗೆ ಬೆಲೆ ಬಂದ ಮೇಲೆ ಅವರ ಮಗನಿಗೆ ದೊಡ್ಡ ಗಾಡಿಯ ಆಸೆ. ಸೆಕೆಂಡ್‌ಹ್ಯಾಂಡ್ ಜರ್ಮನ್ ಎಸ್‌ಯುವಿ ಒಂದು ಮನೆಗೆ ಬಂದು ನಿಂತಿದೆ, ಇನ್ನೂ ಹಣ ಕೊಟ್ಟಿಲ್ಲ. "ಚಕ್ರ ಇಪ್ಪತ್ತೊಂದು ಇಂಚಿನದಂತೆ. ಹತ್ತೊಂಬತ್ತು ಕೂರುತ್ತದೆಯೇ?" ಎಂದು ಕೇಳಿದರು. ಮುಂದಿನ ಬ್ರೇಕನ್ನು ನೋಡದೆ ಹೇಳಲಾಗದು, ನಾನು ಬರುವವರೆಗೆ ಹಣ ಕೊಡಬೇಡಿ ಎಂದೆ. ಟೇಪು, ಜಾಕು ಎರಡನ್ನೂ ಸ್ಕೂಟರಿನ ಡಿಕ್ಕಿಗೆ ಹಾಕಿ ಇಟ್ಟಿದ್ದೇನೆ. ಬೆಳಿಗ್ಗೆ ಏಳಕ್ಕೆ ಹೊರಟರೆ ಅಂಗಡಿ ತೆಗೆಯುವ ಹೊತ್ತಿಗೆ ವಾಪಸ್ಸು ಬರಬಹುದು.