ಮೋಡೆಮ್ ಓಕೆ ಅಂದಿತ್ತು, ನಾನು ಬಸ್ ಹತ್ತಿದ್ದೆ

ಕೋಲಾರದ ಕಡೆ ಒಂದು ಪಂಪ್ ಹೌಸ್. ಅಲ್ಲಿನ ಕಂಟ್ರೋಲರ್ ಒಳಗಿರುವ 4ಜಿ ಮೋಡೆಮ್ ಆರು ಗಂಟೆಗೊಮ್ಮೆ ನೀರಿನ ಲೆಕ್ಕವನ್ನು ಸರ್ವರ್‌ಗೆ ಕಳಿಸುತ್ತದೆ. ಮುಂದಿನ ವಾರ ಸರ್ವರ್‌ನ ಸರ್ಟಿಫಿಕೇಟ್, ಅಂದರೆ ಅದು ಅಸಲಿ ಸರ್ವರ್ ಅಂತ ತೋರಿಸುವ ಡಿಜಿಟಲ್ ಗುರುತಿನ ಚೀಟಿ, ಬದಲಾಗುವುದಿತ್ತು. ಅದಕ್ಕೆ ಆ ಗುರುತನ್ನು ತಾಳೆ ನೋಡಲು ಮೋಡೆಮ್‌ನಲ್ಲಿರುವ ಪೆಮ್ ಫೈಲನ್ನೂ (ಸರ್ಟಿಫಿಕೇಟನ್ನು ಅಕ್ಷರಗಳಲ್ಲಿ ಬರೆದಿಟ್ಟ ಫೈಲ್) ಬದಲಿಸಬೇಕಿತ್ತು. ಸೀರಿಯಲ್ ಕೇಬಲ್ ಚುಚ್ಚಿ, ಬಾಡ್ ರೇಟ್ (ಕೇಬಲ್‌ನಲ್ಲಿ ಡೇಟಾ ಓಡುವ ವೇಗ) 115200 ಇಟ್ಟು ಕೂತೆ.

ಇಲ್ಲಿ ಮೌಸ್ ಇಲ್ಲ, ಕಿಟಕಿ ಇಲ್ಲ. ಎಲ್ಲವೂ ಎಟಿ ಕಮಾಂಡ್, ಅಂದರೆ ಮೋಡೆಮ್‌ಗೆ ಟೈಪ್ ಮಾಡಿ ಕೊಡುವ ಆಜ್ಞೆಗಳು. 1981ರ ಹೇಯ್ಸ್ ಮೋಡೆಮ್ ಕಾಲದ ಪದ್ಧತಿ, ಇನ್ನೂ ನಡೀತಿದೆ. ಎಟಿ ಅಂದರೆ ಅಟೆನ್ಷನ್, ‘ಸ್ವಲ್ಪ ಇಲ್ಲಿ ಕೇಳಪ್ಪಾ’ ಅಂದ ಹಾಗೆ. ಈ ಮೋಡೆಮ್‌ನಲ್ಲಿ ಅದರ ಮುಂದೆ ಪ್ಲಸ್ ಚಿಹ್ನೆ ಹಾಕಿ ಕ್ಯೂಎಫ್‌ಎಲ್‌ಎಸ್‌ಟಿ ಅಂತ ಬರೆದರೆ ಫೈಲ್‌ಗಳ ಪಟ್ಟಿ, ಕ್ಯೂಎಫ್‌ಯುಪಿಎಲ್ ಅಂದರೆ ಅಪ್‌ಲೋಡ್, ಕ್ಯೂಎಫ್‌ಡಿಇಎಲ್ ಅಂದರೆ ಡಿಲೀಟ್. ಡಿಲೀಟ್‌ಗೆ ಹೆಸರಿನ ಬದಲು ನಕ್ಷತ್ರ ಚಿಹ್ನೆ ಕೊಟ್ಟರೆ ಇದ್ದಬದ್ದದ್ದನ್ನೆಲ್ಲ ಗುಡಿಸಿಹಾಕುತ್ತದೆ. ‘ನಿಜವಾಗ್ಲೂ ಅಳಿಸ್ಲಾ?’ ಅಂತ ಕೇಳುವುದೂ ಇಲ್ಲ.

ಅದೇ ಹೆಸರಿನ ಫೈಲ್ ಇದ್ದರೆ ಅಪ್‌ಲೋಡ್ ಆಗುವುದಿಲ್ಲ. ಹಾಗಾಗಿ ಹಳೆಯದನ್ನು ಮೊದಲೇ ಅಳಿಸಿಬಿಟ್ಟೆ. ಇನ್ನೂ ಒಂದು ವಾರ ನಡೆಯುತ್ತಿದ್ದ ಫೈಲ್ ಅದು!

ಅಪ್‌ಲೋಡ್ ಮಾಡುವಾಗ ಫೈಲ್ ಎಷ್ಟು ಬೈಟ್ ಅಂತ ಮೊದಲೇ ಹೇಳಬೇಕು. ಲ್ಯಾಪ್‌ಟಾಪ್ 1224 ತೋರಿಸಿತು, ಅದನ್ನೇ ಕೊಟ್ಟೆ. ಸರಿ, ಕಳಿಸು ಅನ್ನುವ ‘ಕನೆಕ್ಟ್’ ಬಂತು, ಟರ್ಮಿನಲ್‌ನಿಂದ (ಲ್ಯಾಪ್‌ಟಾಪ್‌ನಲ್ಲಿ ಕಮಾಂಡ್ ಟೈಪ್ ಮಾಡುವ ಪ್ರೋಗ್ರಾಂ) ಫೈಲ್ ಕಳಿಸಿದೆ. ಉತ್ತರ ಬಂತು: 1224, ಪಕ್ಕದಲ್ಲಿ ಚೆಕ್‌ಸಮ್ (ಫೈಲ್‌ನ ಬೈಟ್‌ಗಳಿಂದ ಲೆಕ್ಕ ಹಾಕಿದ ತಾಳೆ ಸಂಖ್ಯೆ), ಕೆಳಗೆ ಓಕೆ. ಪರದೆಯ ಮೇಲೆ ‘ಸರ್ಟಿಫಿಕೇಟ್’ ಅನ್ನುವ ಪದವಿದ್ದ ಚೂರೊಂದು ಉಳಿದಿತ್ತು. ಸುಮ್ನೆ ಎಕೋ, ನಾನು ಕಳಿಸಿದ್ದೇ ಪರದೆಯಲ್ಲಿ ತಿರುಗಿ ಕಾಣ್ತಿರಬೇಕು ಅಂದುಕೊಂಡು ಬಸ್ ಹತ್ತಿದೆ.

ಮರುದಿನ ಬೆಳಗ್ಗೆ ನೋಡಿದರೆ ಲೆಕ್ಕವೇ ಬಂದಿಲ್ಲ. ಮತ್ತೆ ಹೋದೆ. “ಏನ್ ಸಾರ್, ನಿನ್ನೆ ತಾನೆ ಸರಿ ಮಾಡಿದ್ರಲ್ಲ?” ಅಂದರು ಪಂಪ್ ಆಪರೇಟರ್.

ಈ ಸಲ ಕ್ಯೂಎಫ್‌ಡಿಡಬ್ಲ್ಯುಎಲ್ ಕೊಟ್ಟು ಫೈಲನ್ನು ವಾಪಸ್ ಓದಿಸಿದೆ. ‘ಎಂಡ್ ಸರ್ಟಿಫಿಕೇಟ್’ ಅಂತ ಇರಬೇಕಾದ ಕೊನೆಯ ಸಾಲಿನಲ್ಲಿ ಐದು ಗೆರೆ, ಒಂದು ಇ, ಒಂದು ಎನ್. ಅಷ್ಟೇ. ನನ್ನ ಟರ್ಮಿನಲ್ ಪ್ರತಿ ಸಾಲಿನ ಕೊನೆಗೆ, ಸಾಲು ಮುಗಿಯಿತು ಅನ್ನುವ ಗುರುತಿಗೆ, ಒಂದು ಬೈಟ್ ಇದ್ದಲ್ಲಿ ಎರಡು ಕಳಿಸಿತ್ತು. ಇಪ್ಪತ್ತು ಸಾಲು, ಇಪ್ಪತ್ತು ಬೈಟ್ ಜಾಸ್ತಿ. ಮೋಡೆಮ್ 1224 ಎಣಿಸಿ ಬಾಗಿಲು ಹಾಕಿಕೊಂಡಿತ್ತು. ಹೊರಗೆ ಉಳಿದದ್ದೇ ಆ ಚೂರು.

ಅಂದರೆ ನಾನು ನಂಬಿದ 1224 ಮೋಡೆಮ್ ಕೊಟ್ಟ ಸಾಕ್ಷಿಯೇ ಅಲ್ಲ, ನನ್ನ ಮಾತನ್ನೇ ನನಗೆ ತಿರುಗಿ ಹೇಳಿತ್ತು. ನೋಡಬೇಕಿದ್ದದ್ದು ಪಕ್ಕದ ಚೆಕ್‌ಸಮ್. ಎರಡೆರಡು ಬೈಟ್ ಸೇರಿಸಿ ಎಕ್ಸಾರ್ (ಬಿಟ್‌ಗಳನ್ನು ಹೋಲಿಸುವ ಒಂದು ಲೆಕ್ಕ) ಮಾಡುತ್ತಾ ಹೋದರೆ ಅದು ಸಿಗುತ್ತದೆ, ಪೈಥಾನ್‌ನಲ್ಲಿ ನಾಲ್ಕು ಸಾಲಿನ ಕೆಲಸ. ಈಗ ಅದನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಂಡು ತಾಳೆ ನೋಡುತ್ತೇನೆ. ಫೈಲನ್ನು ಟೆಕ್ಸ್ಟ್ ಆಗಿ ಅಲ್ಲ, ಬೈನರಿಯಾಗಿ, ಅಂದರೆ ಒಂದು ಬೈಟೂ ಬದಲಾಗದಂತೆ ಕಳಿಸುತ್ತೇನೆ. ಹೊಸದಕ್ಕೆ ಹೊಸ ಹೆಸರು. ಅದರಲ್ಲಿ ಒಮ್ಮೆ ಸರ್ವರ್‌ಗೆ ಕನೆಕ್ಟ್ ಆದ ಮೇಲೆಯೇ ಹಳೆಯದಕ್ಕೆ ಡಿಲೀಟ್.

ಸರ್ಟಿಫಿಕೇಟ್ ತಪಾಸಣೆಯನ್ನೇ ಆಫ್ ಮಾಡಿ ಮನೆಗೆ ಹೋಗುವ ದಾರಿಯೂ ಇತ್ತು, ಒಂದೇ ಕಮಾಂಡ್. ಸುಳ್ಳು ಯಾಕೆ, ಆಸೆ ಆಗಿತ್ತು. ಮಾಡಲಿಲ್ಲ.

ಕೇಬಲ್ ಸುತ್ತಿಡುವಾಗ ಆಪರೇಟರ್ ಕುರ್ಚಿ ಎಳೆದು ಹಾಕಿದರು. “ಟೀ ತರಿಸ್ತೀನಿ ಕೂತ್ಕೊಳಿ ಸಾರ್. ಲೆಕ್ಕ ಹೋಗೋದ್ನ ನೋಡ್ಕೊಂಡೇ ಹೊರಡಿ.”