ಲೂಸಿಯಸ್ ಎಂಬ ಹೆಸರನ್ನು ದೂರವಿಟ್ಟ ಕ್ಲಾಡಿಯಸ್ ಮನೆತನ

ಪ್ರಾಚೀನ ರೋಮಿನ ಕ್ಲಾಡಿಯಸ್ ಮನೆತನದವರು ತಮ್ಮ ಗಂಡುಮಕ್ಕಳಿಗೆ ಲೂಸಿಯಸ್ ಎಂದು ಹೆಸರಿಡುವುದನ್ನು ಒಮ್ಮತದಿಂದ ನಿಲ್ಲಿಸಿದರೆಂದು ಚರಿತ್ರಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಆ ಹೆಸರಿನ ಇಬ್ಬರಲ್ಲಿ ಒಬ್ಬನು ದರೋಡೆಗಾಗಿ, ಇನ್ನೊಬ್ಬನು ಕೊಲೆಗಾಗಿ ಅಪರಾಧಿಗಳೆನಿಸಿದ್ದೇ ಅದಕ್ಕೆ ಕಾರಣ. ರೋಮನ್ನರ ದಂಡಯಾತ್ರೆಗಳಿಗಿಂತ ಇಂತಹ ಸಂಗತಿಗಳೇ ನನ್ನನ್ನು ಹೆಚ್ಚು ಸೆಳೆಯುತ್ತವೆ. ಒಂದು ಕುಲವು ತನ್ನ ಮಾನವನ್ನು ಎಷ್ಟು ಎಚ್ಚರದಿಂದ ಕಾಯುತ್ತಿತ್ತೆಂಬುದು ಇಲ್ಲಿ ಕಾಣುತ್ತದೆ.

ಗಣ್ಯ ಮನೆತನದ ಗಂಡಸಿಗೆ ಸಾಮಾನ್ಯವಾಗಿ ಮೂರು ಹೆಸರುಗಳಿರುತ್ತಿದ್ದವು: ಮೊದಲನೆಯದು ಅವನದು, ಎರಡನೆಯದು ಕುಲದ್ದು, ಮೂರನೆಯದು ಕುಲದೊಳಗಿನ ಶಾಖೆಯದು. ಗಣರಾಜ್ಯದ ಕೊನೆಯ ಕಾಲಕ್ಕೆ ಬಳಕೆಯಲ್ಲಿ ಉಳಿದಿದ್ದ ಮೊದಲ ಹೆಸರುಗಳು ಸುಮಾರು 18 ಮಾತ್ರ. ಅಷ್ಟರಲ್ಲಿ ಒಂದನ್ನು ಬಿಟ್ಟುಕೊಡುವುದು ಸಣ್ಣ ನಿರ್ಧಾರವಲ್ಲ. ಮ್ಯಾನ್ಲಿಯಸ್ ಕುಲದವರೂ, ಕ್ರಿ.ಪೂ. 384ರಲ್ಲಿ ತಮ್ಮವನೊಬ್ಬನಿಗೆ ರಾಜದ್ರೋಹದ ಆರೋಪದಲ್ಲಿ ಮರಣದಂಡನೆಯಾದ ಬಳಿಕ, ಮಾರ್ಕಸ್ ಎಂಬ ಹೆಸರನ್ನು ತ್ಯಜಿಸಿದರು.

ಕ್ಲಾಡಿಯಸ್ ಕುಲದ ಮೂಲಪುರುಷ ಸೇಬೈನ್ ಜನಾಂಗದ ಅಟ್ಟಸ್ ಕ್ಲಾಸಸ್, ಅವನು ಕ್ರಿ.ಪೂ. 504ರಲ್ಲಿ ತನ್ನ ಆಶ್ರಿತರೊಡನೆ ರೋಮಿಗೆ ಬಂದು ನೆಲೆಸಿ ಆಪಿಯಸ್ ಕ್ಲಾಡಿಯಸ್ ಆದನೆಂಬುದು ಪರಂಪರೆಯ ನಂಬಿಕೆ. ಹೀಗೆ ಬಂದ ಆಪಿಯಸ್ ಎಂಬ ಹೆಸರು ಬಹುಮಟ್ಟಿಗೆ ಈ ಕುಲದ ಸ್ವತ್ತಾಗಿಯೇ ಉಳಿಯಿತು. ಕ್ರಿ.ಪೂ. 312ರಲ್ಲಿ ಸೆನ್ಸಾರ್, ಅಂದರೆ ಜನಗಣತಿಯನ್ನೂ ಪ್ರಜೆಗಳ ನಡತೆಯನ್ನೂ ನೋಡಿಕೊಳ್ಳುವ ಅಧಿಕಾರಿಯಾಗಿದ್ದ ಆಪಿಯಸ್ ಕ್ಲಾಡಿಯಸ್ ಕೀಕಸ್ ಕಟ್ಟಿಸಲು ತೊಡಗಿದ ಹೆದ್ದಾರಿಗೂ ನೀರಿನ ಕಾಲುವೆಗೂ ಕುಲದ ಹೆಸರಲ್ಲ, ಅವನದೇ ಹೆಸರು ಬಂತು: ವಿಯಾ ಆಪಿಯಾ ಮತ್ತು ಆಕ್ವಾ ಆಪಿಯಾ. ಫ್ಲಮಿನಿಯಾ, ಎಮಿಲಿಯಾ ಮುಂತಾದ ರಸ್ತೆಗಳು ಕುಲನಾಮವನ್ನೇ ಹೊತ್ತಿವೆ. ಆಪಿಯಸ್ ಎಂದ ಮಾತ್ರಕ್ಕೆ ಮನೆತನ ಯಾವುದೆಂದು ರೋಮಿಗೆ ತಿಳಿಯುತ್ತಿತ್ತು, ಆದ್ದರಿಂದಲೇ ಅದು ಸಾಕಾಯಿತೆಂದು ನನಗೆ ತೋರುತ್ತದೆ. ಪಲ್ಕರ್ ಮತ್ತು ನೀರೊ ಎಂಬ ಎರಡು ಶಾಖೆಗಳು ಇವನ ಮಕ್ಕಳಿಂದಲೇ ಹೊರಟವು.

ಹೆಣ್ಣುಮಕ್ಕಳಿಗೆ ಮಾತ್ರ ಈ ಔದಾರ್ಯವಿರಲಿಲ್ಲ. ಕುಲನಾಮದ ಸ್ತ್ರೀರೂಪವಾದ ಕ್ಲಾಡಿಯಾ ಎಂಬುದೇ ಅವರೆಲ್ಲರ ಹೆಸರು. ಕ್ರಿ.ಪೂ. ಮೊದಲ ಶತಮಾನದಲ್ಲಿ, ಕುಲನಾಮವನ್ನು ಕ್ಲೋಡಿಯಸ್ ಎಂದು ಬಳಸಿದ ಇದೇ ಕುಲದ ರಾಜಕಾರಣಿ ಪಬ್ಲಿಯಸ್ ಕ್ಲೋಡಿಯಸ್‌ನ ಮೂವರು ಅಕ್ಕತಂಗಿಯರೂ ಕ್ಲೋಡಿಯಾ ಎಂದೇ ಕರೆಸಿಕೊಂಡರು. ಅವರಲ್ಲಿ ಯಾರು ಯಾರೆಂದು ವಿದ್ವಾಂಸರು ಇಂದಿಗೂ ಚರ್ಚಿಸಬೇಕಾಗಿರುವುದು ನನಗೆ ನಿಜಕ್ಕೂ ನೋವಿನ ವಿಷಯ.

ದತ್ತುಹೋದವನು ದತ್ತುತಂದೆಯ ಹೆಸರನ್ನು ತಳೆಯುವುದು ರೂಢಿ. ಸಾಮಾನ್ಯ ಪ್ರಜೆಗಳ ಪ್ರತಿನಿಧಿಯಾದ ಟ್ರಿಬ್ಯೂನ್ ಪದವಿಗೆ ಅರ್ಹನಾಗಲು ಕ್ರಿ.ಪೂ. 59ರಲ್ಲಿ ತನಗಿಂತ ಕಿರಿಯನಾದ ಫಾಂಟೇಯಸ್ ಎಂಬವನಿಗೆ ದತ್ತುಹೋದ ಕ್ಲೋಡಿಯಸ್, ಆ ಹೆಸರನ್ನು ತಳೆಯಲೇ ಇಲ್ಲ. ವಾಗ್ಮಿ ಸಿಸೆರೊ ತನ್ನ ಭಾಷಣದಲ್ಲಿ ಇದನ್ನು ಕಟುವಾಗಿ ಖಂಡಿಸಿದ. ಟಿಬೇರಿಯಸ್ ಕ್ಲಾಡಿಯಸ್ ನೀರೊ ಮಾತ್ರ ಕ್ರಿ.ಶ. 4ರಲ್ಲಿ ಆಗಸ್ಟಸ್‌ನ ದತ್ತುಮಗನಾದಾಗ ರೂಢಿಯಂತೆ ಟಿಬೇರಿಯಸ್ ಜೂಲಿಯಸ್ ಸೀಸರ್ ಆದ.

ಕ್ರಿ.ಶ. 50ರಲ್ಲಿ ಚಕ್ರವರ್ತಿ ಕ್ಲಾಡಿಯಸ್ ತನ್ನ ಹೆಂಡತಿ ಅಗ್ರಿಪಿನಾಳ ಮಗನನ್ನು ದತ್ತು ತೆಗೆದುಕೊಂಡ. ಆ ಹುಡುಗ ಹುಟ್ಟಿದ್ದು ಡೊಮಿಷಿಯಸ್ ಅಹೆನೊಬಾರ್ಬಸ್ ಮನೆತನದಲ್ಲಿ. ಸ್ವೆಟೋನಿಯಸ್ ಹೇಳುವಂತೆ ಆ ಮನೆತನದವರು ಗಂಡುಮಕ್ಕಳಿಗೆ ಗ್ನೇಯಸ್ ಮತ್ತು ಲೂಸಿಯಸ್ ಎಂಬ ಎರಡೇ ಹೆಸರುಗಳನ್ನು ಇಡುತ್ತಿದ್ದರು. ಲೂಸಿಯಸ್ ಆಗಿದ್ದ ಅವನು ಕ್ಲಾಡಿಯಸ್ ಕುಲವನ್ನು ಸೇರಿದಾಗ ಆ ಹೆಸರು ಕಳಚಿ ನೀರೊ ಎಂಬುದೇ ಅವನ ಮೊದಲ ಹೆಸರಾಯಿತು.