ದಂಡಿನ ಮತ, ದಂಡಿನ ರಸ್ತೆ: ಪುಣೆಯಲ್ಲಿ ಶಾಸಕರ ಪತ್ರ ಎಲ್ಲಿಯವರೆಗೆ ನಡೆಯುತ್ತದೆ?

ಖಡ್ಕಿ, ದೇಹೂ ರೋಡ್, ಕ್ಯಾಂಪ್ ಕಡೆಯ ಫೌಜಿ ಕ್ವಾರ್ಟರ್ಸ್‌ಗಳಲ್ಲಿ ಬೆಳಗಾವಿ, ಧಾರವಾಡ, ಕೊಡಗಿನವರು ಸಿಗುತ್ತಾರೆ. ಇವರ ಮತ ಗೋಕಾಕದಲ್ಲೋ ವಿರಾಜಪೇಟೆಯಲ್ಲೋ ಇರುತ್ತದೆ, ದಿನಾ ಸಿಕ್ಕಿಬೀಳುವ ಟ್ರಾಫಿಕ್ ಮಾತ್ರ ಪುಣೆಯದು. ಎರಡಕ್ಕೂ ಇಲ್ಲಿನ ಶಾಸಕರ ಕಚೇರಿಗೇ ಅರ್ಜಿ ಹಿಡಿದು ಹೋದರೆ ಒಂದು ಕೆಲಸವಂತೂ ಆಗುವುದಿಲ್ಲ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅಧಿಕಾರ ಯಾವ ಶಾಸಕರಿಗೂ ಇಲ್ಲ. ಅದು ಊರಿನ ಕ್ಷೇತ್ರದ ಮತದಾರರ ನೋಂದಣಿ ಅಧಿಕಾರಿಯದು.

ಸೈನಿಕರು ತುಂಬಬೇಕಾದದ್ದು ನಮೂನೆ 2. ಬೇರೆ ರಾಜ್ಯದಲ್ಲಿ ಕೆಲಸದ ಮೇಲಿರುವ ರಾಜ್ಯ ಸಶಸ್ತ್ರ ಪೊಲೀಸರಿಗೆ 2ಎ. ಅರ್ಜಿ ಯೂನಿಟ್ಟಿನಿಂದ ಸೈನಿಕರ ಸೇವಾ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ, ಅಲ್ಲಿಂದ ಊರಿನ ಅಧಿಕಾರಿಗೆ ಹೋಗುತ್ತದೆ. ಮರಾಠಾ ಲೈಟ್ ಇನ್‌ಫೆಂಟ್ರಿಯವರ ರೆಕಾರ್ಡ್ ಆಫೀಸ್ ಬೆಳಗಾವಿಯಲ್ಲಿದೆ, ಸೇನೆಯ ಎಂಜಿನಿಯರ್ ಪಡೆಯಾದ ಬಾಂಬೆ ಸ್ಯಾಪರ್ಸ್‌ನವರದು ಖಡ್ಕಿಯಲ್ಲೇ. ಹೆಸರು ಊರಿನ ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿ, ಅಂದರೆ ಸೇವಾ ಮತದಾರರ ಪಟ್ಟಿಯಲ್ಲಿ ಬರುತ್ತದೆ. ಗುರುತಿನ ಚೀಟಿ ಕೊಡುವುದಿಲ್ಲ, ಅದಕ್ಕಾಗಿ ಅಲೆಯಬೇಡಿ. ಜೊತೆಯಲ್ಲೇ ವಾಸವಿರುವ ಹೆಂಡತಿಗೂ ಈ ಸೌಲಭ್ಯವಿದೆ. ಕಾನೂನಿನಲ್ಲಿ 'ಪತ್ನಿ' ಎಂದಿದ್ದ ಮಾತನ್ನು 2021ರ ತಿದ್ದುಪಡಿ 'ಸಂಗಾತಿ' ಎಂದು ಬದಲಿಸಿದ್ದರಿಂದ ಮಹಿಳಾ ಅಧಿಕಾರಿಗಳ ಗಂಡಂದಿರಿಗೂ ದಾರಿಯಾಯಿತು. ವಯಸ್ಸಿಗೆ ಬಂದ ಮಕ್ಕಳಿಗೆ ಇಲ್ಲ, ಅವರು ನಮೂನೆ 6ರಲ್ಲಿ ಸಾಮಾನ್ಯ ಮತದಾರರಾಗಬೇಕು.

ಪುಣೆಯಂಥ ಶಾಂತಿ ನೆಲೆಯಲ್ಲಿ ಸಂಸಾರದೊಂದಿಗೆ ಇರುವ ಸೈನಿಕರು ಇಲ್ಲಿಯೇ ಸಾಮಾನ್ಯ ಮತದಾರರಾಗಬಹುದು ಎಂದು 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ದಾರಿ ತೆರೆದಿದೆ. ಆದರೆ ಊರಿನ ಸೇವಾ ಪಟ್ಟಿಯಲ್ಲೂ ಹೆಸರಿಟ್ಟುಕೊಂಡು ಇಲ್ಲಿಯೂ ಸೇರುವಂತಿಲ್ಲ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲಿದೆ.

ಇನ್ನು ಮತಪತ್ರ. 2016ರಲ್ಲಿ ನಿಯಮ ಬದಲಾದ ಮೇಲೆ ಖಾಲಿ ಮತಪತ್ರ ಅಂಚೆಯಲ್ಲಿ ಬರುವುದಿಲ್ಲ, ಇಂಟರ್ನೆಟ್ಟಿನಲ್ಲಿ ಬರುತ್ತದೆ. ತುಂಬಿದ್ದು ಮಾತ್ರ ಅಂಚೆಯಲ್ಲಿ ಹೋಗುತ್ತದೆ. ಈ ವ್ಯವಸ್ಥೆ ಕಟ್ಟಲು ಚುನಾವಣಾ ಆಯೋಗಕ್ಕೆ ನೆರವಾದದ್ದು ಪುಣೆಯದೇ ಸಿ-ಡ್ಯಾಕ್, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ. ಇಳಿಸಿಕೊಳ್ಳಲು ಒಂದು ಓಟಿಪಿ, ತೆರೆದು ಮುದ್ರಿಸಲು ಒಂದು ಪಿನ್. ಮುದ್ರಣ ಮಸುಕಾಗಿದ್ದರೆ ಎಣಿಕೆ ಮೇಜಿನಲ್ಲಿ ಕ್ಯೂಆರ್ ಕೋಡ್ ಓದಲು ಬರುವುದಿಲ್ಲ; ಟೋನರ್ ಮುಗಿಯುತ್ತಿರುವ ಪ್ರಿಂಟರ್ ಬೇಡ.

ಗುರುತು ಹಾಕಿದ ಮತಪತ್ರ 'ಎ' ಎಂಬ ಸಣ್ಣ ಲಕೋಟೆಗೆ. ಅಂಟಿಸಿ ಮೇಲೆ 13ಬಿ ಚೀಟಿ ಹಚ್ಚಬೇಕು. 13ಎ ಘೋಷಣಾ ಪತ್ರಕ್ಕೆ ಸಹಿ ಮಾಡಿ, ಅಧಿಕಾರಿಯಿಂದ ದೃಢೀಕರಿಸಿ, ಅದನ್ನೂ 'ಎ' ಲಕೋಟೆಯನ್ನೂ ದೊಡ್ಡ 'ಬಿ' ಲಕೋಟೆಗೆ ಹಾಕಿ 13ಸಿ ಹಚ್ಚಬೇಕು. ಅಂಚೆಚೀಟಿ ಬೇಕಿಲ್ಲ. ಎಡವುವುದು ಇಲ್ಲೇ: 13ಎಯನ್ನು ಮತಪತ್ರದ ಜೊತೆ ಒಳ ಲಕೋಟೆಗೇ ತುರುಕುವುದು. 'ಬಿ' ತೆರೆದಾಗ ಘೋಷಣೆ ಕಾಣದಿದ್ದರೆ, ಸಹಿಯೋ ದೃಢೀಕರಣವೋ ಇಲ್ಲದಿದ್ದರೆ, ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ 13ಬಿಯದಕ್ಕೆ ತಾಳೆಯಾಗದಿದ್ದರೆ, ಒಳ ಲಕೋಟೆಯನ್ನು ತೆರೆಯದೆಯೇ ತಿರಸ್ಕರಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಕೂತು ಒಟ್ಟಿಗೆ ತುಂಬುವಾಗ ಚೀಟಿಗಳು ಅದಲುಬದಲಾಗುವುದು ಸುಲಭ. ಒಬ್ಬರದು ಪೂರ್ತಿ ಅಂಟಿಸಿ ಬದಿಗಿಟ್ಟ ಮೇಲೆಯೇ ಇನ್ನೊಬ್ಬರದು ಮುಟ್ಟಿ.

ಸಮಯವೂ ಇಕ್ಕಟ್ಟಿನದೇ. ಕರ್ನಾಟಕದ 2023ರ ಚುನಾವಣೆಯಲ್ಲಿ ನಾಮಪತ್ರ ಹಿಂಪಡೆಯುವ ಕೊನೆಯ ದಿನ ಏಪ್ರಿಲ್ 24, ಎಣಿಕೆ ಮೇ 13. ಮತಪತ್ರ ಸಿದ್ಧವಾಗುವುದೇ ಹಿಂಪಡೆಯುವಿಕೆ ಮುಗಿದ ಮೇಲೆ. ಅಲ್ಲಿಗೆ ಉಳಿಯುವುದು 19 ದಿನ, ಅದರಲ್ಲೇ ಡೌನ್‌ಲೋಡು, ಅಧಿಕಾರಿಯ ಸಹಿ, ಅಂಚೆ ಎಲ್ಲವೂ. ಎಣಿಕೆ ಶುರುವಾದ ಮೇಲೆ ಮುಟ್ಟಿದ ಲಕೋಟೆ ಲೆಕ್ಕಕ್ಕಿಲ್ಲ. ಬಂದ ದಿನವೇ ತುಂಬಿ, ಮಾರನೆಯ ದಿನವೇ ಕಳಿಸಿ. ಇಷ್ಟು ರಗಳೆ ಬೇಡವೆನ್ನುವವರು ನಮೂನೆ 13ಎಫ್‌ನಲ್ಲಿ ಊರಿನವರೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಅವರು ನಿಮ್ಮ ಪರವಾಗಿ ಹಾಕುವ ಮತಕ್ಕೆ ಶಾಯಿ ಬೀಳುವುದು ಎಡಗೈಯ ನಡುಬೆರಳಿಗೆ.

ಈಗ ರಸ್ತೆ. ಕ್ಯಾಂಟೋನ್ಮೆಂಟಿನ ಒಂದೇ ಬೀದಿಯ ಮೇಲೆ ಮೂರು ಮನೆಯವರ ಹಕ್ಕಿರಬಹುದು: ಮಹಾನಗರ ಪಾಲಿಕೆ, ಕ್ಯಾಂಟೋನ್ಮೆಂಟ್ ಬೋರ್ಡ್, ಸ್ಥಳೀಯ ಸೇನಾ ಪ್ರಾಧಿಕಾರ. ಬೋರ್ಡಿಗೆ ಸೇನಾಧಿಕಾರಿಯೇ ಅಧ್ಯಕ್ಷ. 2006ರ ಕ್ಯಾಂಟೋನ್ಮೆಂಟ್ ಕಾಯ್ದೆಯಂತೆ ಆ ಪ್ರದೇಶದ ಶಾಸಕರು, ಸಂಸದರು ಅಲ್ಲಿ ವಿಶೇಷ ಆಹ್ವಾನಿತರು. ಮಾತಾಡಬಹುದು, ಮತವಿಲ್ಲ! ಮತ ಕೇಳುತ್ತ ಬಂದವರಿಗೇ ದಂಡಿನ ಮಂಡಳಿಯಲ್ಲಿ ಮತವಿಲ್ಲದಿರುವುದು ತಮಾಷೆಯೇ ಸರಿ. ಆದರೂ ಆ ಕುರ್ಚಿಗೆ ಬೆಲೆಯಿದೆ, ಏಕೆಂದರೆ ರಸ್ತೆ ಮುಚ್ಚುವ ವಿಷಯ ಅಲ್ಲಿ ಬಾಯಿಬಿಟ್ಟು ಕೇಳುವಂಥದ್ದು. ಗೇಟು ಬಿತ್ತೆಂದರೆ ಕಾಯ್ದೆಯ 258ನೇ ಕಲಮಿನಡಿ ಪ್ರಕಟಣೆ ಆಗಿದೆಯೇ ಎಂದು ಶಾಸಕರಿಂದಲೇ ಲಿಖಿತವಾಗಿ ಕೇಳಿಸಿ.

ಸಿಗ್ನಲ್, ಒನ್‌ವೇ, ನೋ ಪಾರ್ಕಿಂಗ್ ಸಂಚಾರ ಪೊಲೀಸರ ಪಾಲಿನವು. ಇವರು ಮೊದಲು ಪ್ರಾಯೋಗಿಕ ಆದೇಶ ಹೊರಡಿಸಿ ಆಕ್ಷೇಪ ಕರೆಯುವುದುಂಟು, ಸುಮ್ಮನಿದ್ದರೆ ಅದೇ ಕಾಯಂ ಆದೀತು. ಶಾಸಕರ ಪತ್ರಕ್ಕೆ 'ತುಂಬಾ ಟ್ರಾಫಿಕ್' ಎಂಬ ಒಂದು ಸಾಲು ಸಾಲದು. ಬೆಳಿಗ್ಗೆ 8:30ರಿಂದ 10:30, 15 ನಿಮಿಷಕ್ಕೊಮ್ಮೆ, ಯಾವ ಕಡೆಯಿಂದ ಬಂದು ಯಾವ ಕಡೆ ತಿರುಗಿದ ವಾಹನ ಎಷ್ಟು ಎಂದು ಬರೆದ ಹಾಳೆ, ಶಾಲಾ ಬಸ್ಸು ನಿಲ್ಲುವ ಜಾಗ, ಹಸಿರು ದೀಪ ಎಷ್ಟು ಸೆಕೆಂಡು, ಇವನ್ನು ಲಗತ್ತಿಸಿ. ವಾರದ ನಡುವಿನ ಮೂರು ದಿನಗಳ ಎಣಿಕೆ ಸಾಕು. ಶನಿವಾರ, ಭಾನುವಾರ ಬೇಡ. ಪತ್ರ ಮರಾಠಿಯಲ್ಲಿರಲಿ, ಅದರ ನಕಲು ಬೋರ್ಡಿನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೂ ಹೋಗಲಿ, ಕಚೇರಿಯಿಂದ ಹೊರಟ ಪತ್ರಕ್ಕೆ ಕೊಡುವ ಜಾವಕ ಸಂಖ್ಯೆ ಬರೆದಿಟ್ಟುಕೊಳ್ಳಿ.